ವೆನಿಸ್‌ನಿಂದ ಒಂದು ದಿನ ಪ್ರೊಸೆಕ್ಕೊ ವೈನರಿಗೆ ಹೋಗಬೇಕು, ಗೊತ್ತಿರುವವರು ಹೇಳಿ

ಬನಶಂಕರಿ ಎರಡನೇ ಹಂತ:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯಲ್ಲಿ ನಾನು, ನಮ್ಮ ಯಜಮಾನರು ಇಟಲಿಗೆ ಹೊರಟಿದ್ದೇವೆ. ಮದುವೆಯಾಗಿ ಹದಿನೈದು ವರ್ಷ ಆಯಿತು, ಅದಕ್ಕೆ. ವೆನಿಸ್‌ನಲ್ಲಿ ಮೂರು ರಾತ್ರಿ ಇರುತ್ತೇವೆ. ಅದರಲ್ಲಿ ಒಂದು ಇಡೀ ದಿನವನ್ನು ಪ್ರೊಸೆಕ್ಕೊ ಅನ್ನುವ ಗುಳ್ಳೆ ವೈನ್ ಮಾಡುವ ವೈನರಿ ನೋಡೋಕೆ ಅಂತ ಎತ್ತಿಟ್ಟಿದ್ದೇನೆ. ದೋಣಿ, ಚರ್ಚು, ಸೇತುವೆ ಎಲ್ಲಾ ಅವರ ಆಸೆ. ಇದೊಂದು ನನ್ನ ಆಸೆ.

ಹತ್ತನೇ ವರ್ಷದ ದಿನ ಚರ್ಚ್ ಸ್ಟ್ರೀಟಲ್ಲಿ ಊಟಕ್ಕೆ ಹೋದಾಗ ಮೊದಲ ಸಲ ಕುಡಿದಿದ್ದೆ. ನನಗೆ ಕೆಂಪು ವೈನ್ ಯಾವತ್ತೂ ಹಿಡಿಸಲಿಲ್ಲ, ಬಾಯೆಲ್ಲಾ ಒಗರು. ಇದು ಹಾಗಿರಲಿಲ್ಲ. ತಣ್ಣಗೆ, ಹಸಿರು ಸೇಬು ಕಚ್ಚಿದ ಹಾಗೆ, ಸಣ್ಣ ಸಣ್ಣ ಗುಳ್ಳೆ. ಆಮೇಲೆ ಯಜಮಾನರ ಸ್ನೇಹಿತರೊಬ್ಬರು ಹೊರಗಿನಿಂದ ಬರುವಾಗ ಒಂದು ಬಾಟಲಿ ತಂದುಕೊಟ್ಟರು. ಒಳ್ಳೆ ದಿನಕ್ಕೆ ಇರಲಿ, ಹಳೇದಾದಷ್ಟೂ ರುಚಿ ಜಾಸ್ತಿ ಅಲ್ವಾ ಅಂತ ಅಡುಗೆಮನೆ ಅಟ್ಟದ ಮೇಲೆ ಇಟ್ಟೆ. ನಾಲ್ಕು ವರ್ಷ ಇಟ್ಟೆ. ಈ ಸಲ ಯುಗಾದಿ ಆದಮೇಲೆ ತೆಗೆದರೆ ಗುಳ್ಳೆ ಅರ್ಧ ಹೋಗಿತ್ತು, ಬಣ್ಣ ಗಾಢವಾಗಿತ್ತು, ಸೇಬಿನ ವಾಸನೆ ಇರಲೇ ಇಲ್ಲ. ಅವತ್ತು ತುಂಬಾ ಬೇಜಾರಾಯಿತು. ಬಾಟಲಿಯೇ ಕೆಟ್ಟದ್ದೋ, ನಾನು ಇಟ್ಟಿದ್ದು ತಪ್ಪೋ ಇವತ್ತಿಗೂ ಗೊತ್ತಿಲ್ಲ.

ಅದಕ್ಕೇ ಇದನ್ನು ಹೇಗೆ ಮಾಡುತ್ತಾರೆ ಅಂತ ಕಣ್ಣಾರೆ ನೋಡಬೇಕು. ನಾವಿಬ್ಬರೂ ಅಲ್ಲಿ ಕಾರು ಓಡಿಸುವುದಿಲ್ಲ. ದೊಡ್ಡ ಹೆಸರಿನ ವೈನರಿಗೆ ಹೋಗಬೇಕಾ, ಚಿಕ್ಕದಕ್ಕಾ? ಬಾಟಲಿ ಮೇಲೆ ಡಿಒಸಿ, ಡಿಒಸಿಜಿ ಅಂತ ಬರೆದಿರುತ್ತಾರಲ್ಲ, ಅದರಲ್ಲಿ ನಿಜವಾಗಿ ವ್ಯತ್ಯಾಸ ಇದೆಯಾ, ಇಲ್ಲ ಬೆಲೆಗೆ ಮಾತ್ರವಾ? ಇನ್ನೊಂದು, ನಾವು ಮೊಟ್ಟೆ ಕೂಡ ತಿನ್ನುವುದಿಲ್ಲ. ವೈನ್ ಮಾಡುವಾಗ ಮೊಟ್ಟೆಯ ಬಿಳಿ ಹಾಕುತ್ತಾರೆ ಅಂತ ಎಲ್ಲೋ ಕೇಳಿದೆ. ಅದು ಹೌದಾ? ಮನೆಗೆ ಎಷ್ಟು ಬಾಟಲಿ ತರಬಹುದು ಅನ್ನುವುದನ್ನೂ ಹೇಳಿ.

ಮಲ್ಲೇಶ್ವರ ಟು ಪಾದೋವಾ:

ನಾನು ಪಾದೋವಾದಲ್ಲಿ ಎರಡು ವರ್ಷ ಓದಿದವನು. ಪ್ರೊಸೆಕ್ಕೊ ಬೆಳೆಯುವ ಗುಡ್ಡಗಳಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ನಿಮ್ಮ ಅಟ್ಟದ ಬಾಟಲಿ. ಬಾಟಲಿ ಕೆಟ್ಟದ್ದಲ್ಲ. ಪ್ರೊಸೆಕ್ಕೊ ಇಡುವ ವೈನ್ ಅಲ್ಲ, ಅಷ್ಟೇ. ಅದನ್ನು ಮಾಡುವ ರೀತಿಯೇ ತಾಜಾತನಕ್ಕೆ. ವೈನರಿಯಲ್ಲಿ ನೀವು ನೋಡುವುದೆಲ್ಲಾ, ಆ ದೊಡ್ಡ ಸ್ಟೀಲ್ ಟ್ಯಾಂಕು, ತಣ್ಣನೆ ಕೋಣೆ, ಎಲ್ಲಾ ದ್ರಾಕ್ಷಿಯ ಆ ಹೂವಿನ ವಾಸನೆ ಓಡಿಹೋಗದ ಹಾಗೆ ಹಿಡಿದಿಡೋಕೆ ಪಡುವ ಪಾಡು. ಅವರು ಅಷ್ಟು ಕಷ್ಟಪಟ್ಟು ಹಿಡಿದಿಟ್ಟದ್ದನ್ನು ಅಡುಗೆಮನೆ ಸೆಕೆಯಲ್ಲಿ ನಾಲ್ಕು ಬೇಸಿಗೆ ಇಟ್ಟರೆ ಹೋಗಿಬಿಡುತ್ತದೆ. ತಂದ ವರ್ಷದೊಳಗೆ, ತೀರಾ ಅಂದರೆ ಎರಡು ವರ್ಷದೊಳಗೆ ಕುಡಿದುಬಿಡಬೇಕು. ನಿಮ್ಮ ತಪ್ಪೂ ಅಲ್ಲ, ನಮ್ಮಲ್ಲಿ ಎಲ್ಲರೂ ವೈನ್ ಅಂದರೆ ಹಳೇದಾದಷ್ಟೂ ಒಳ್ಳೇದು ಅಂತಲೇ ನಂಬಿದ್ದಾರೆ.

ಮಾಡುವುದು ಹೇಗೆ ಅಂದರೆ, ಗ್ಲೆರಾ ಅನ್ನುವ ಬಿಳಿ ದ್ರಾಕ್ಷಿ. ಬಾಟಲಿಯಲ್ಲಿ ಕಡಿಮೆ ಅಂದರೂ ನೂರಕ್ಕೆ 85 ಭಾಗ ಅದೇ ಇರಬೇಕು. ಮೆಲ್ಲಗೆ ಹಿಂಡಿ ರಸ ತೆಗೆಯುತ್ತಾರೆ, ಮೊದಲ ಸಲ ಹುಳಿಸುತ್ತಾರೆ. ಆಗ ಬರುವುದು ಗುಳ್ಳೆ ಇಲ್ಲದ ಸಾದಾ ವೈನ್. ಅದನ್ನು ಮುಚ್ಚಿದ ಸ್ಟೀಲ್ ಟ್ಯಾಂಕಿಗೆ ಹಾಕಿ, ಸ್ವಲ್ಪ ಸಕ್ಕರೆ, ಸ್ವಲ್ಪ ಯೀಸ್ಟ್ ಸೇರಿಸಿ ಎರಡನೇ ಸಲ ಹುಳಿಸುತ್ತಾರೆ. ನಮ್ಮ ದೋಸೆ ಹಿಟ್ಟು ಉಬ್ಬುವಾಗ ಬರುತ್ತದಲ್ಲ ಅದೇ ಗಾಳಿ ಇಲ್ಲೂ ಬರುತ್ತದೆ. ಆದರೆ ಹೊರಗೆ ಹೋಗೋಕೆ ದಾರಿ ಇರುವುದಿಲ್ಲ, ವೈನ್ ಒಳಗೇ ಕರಗುತ್ತದೆ. ಆಮೇಲೆ ಪೂರ್ತಿ ತಣ್ಣಗೆ ಮಾಡಿ, ಸೋಸಿ, ಒತ್ತಡ ಬಿಡದ ಹಾಗೆ ಬಾಟಲಿಗೆ ತುಂಬುತ್ತಾರೆ. ಈ ಟ್ಯಾಂಕ್ ವಿಧಾನವನ್ನು 1895ರಲ್ಲಿ ಮಾಡಿ ತೋರಿಸಿದವರು ಫೆದೆರಿಕೊ ಮಾರ್ತಿನೊತ್ತಿ ಅನ್ನುವ ಇಟಲಿಯವರು. 1907ರಲ್ಲಿ ಫ್ರಾನ್ಸಿನ ಶಾರ್ಮಾ ಅದನ್ನು ಇನ್ನಷ್ಟು ಸುಧಾರಿಸಿದರು. ಹೊರಗೆಲ್ಲಾ ಶಾರ್ಮಾ ಹೆಸರೇ ಓಡುತ್ತದೆ. ಇಟಲಿಯಲ್ಲಿ ಮಾರ್ತಿನೊತ್ತಿ ಅಂದರೆ ಅವರ ಮುಖ ಅರಳುತ್ತದೆ, ಹೇಳಿ ನೋಡಿ.

ಶಾಂಪೇನ್‌ನಲ್ಲಿ ಈ ಎರಡನೇ ಹುಳಿಸುವಿಕೆ ಒಂದೊಂದು ಬಾಟಲಿಯೊಳಗೇ ಆಗುತ್ತದೆ, ಕಡಿಮೆ ಅಂದರೆ 15 ತಿಂಗಳು ನೆಲಮಾಳಿಗೆಯಲ್ಲಿ ಇರಬೇಕು. ಆ ಯೀಸ್ಟ್ ಮೇಲೆ ಮಲಗಿ ಮಲಗಿ ಬ್ರೆಡ್ಡಿನ ವಾಸನೆ ಬರುತ್ತದೆ. ಪ್ರೊಸೆಕ್ಕೊದಲ್ಲಿ ನಮಗೆ ಬ್ರೆಡ್ಡು ಬೇಡ, ಹಣ್ಣು ಬೇಕು. ಇದನ್ನು ಬಡವರ ಶಾಂಪೇನ್ ಅಂತ ಕರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎರಡೂ ಬೇರೆ ಬೇರೆ ಉದ್ದೇಶಕ್ಕೆ ಮಾಡಿದ್ದು.

ಡಿಒಸಿ ಮತ್ತು ಡಿಒಸಿಜಿ ವ್ಯತ್ಯಾಸ ನಿಜವಾಗಿಯೂ ಇದೆ. ಎರಡೂ ವೈನ್ ಯಾವ ಜಾಗದ್ದು ಅಂತ ಹೇಳುವ ಇಟಲಿಯ ಕಾಯ್ದೆಯ ಗುರುತುಗಳು. ಡಿಒಸಿ ಅಂದರೆ ವೆನೆತೊ ಮತ್ತು ಫ್ರಿಯುಲಿ ವೆನೆಸಿಯಾ ಜೂಲಿಯಾ ಅನ್ನುವ ಎರಡು ಪ್ರಾಂತ್ಯಗಳ ಒಟ್ಟು 9 ಜಿಲ್ಲೆ, ಬಹಳಷ್ಟು ಬಯಲು ಜಮೀನು, ಯಂತ್ರದಲ್ಲಿ ಕೊಯ್ಲು ಮಾಡಬಹುದು. ಡಿಒಸಿಜಿ ಅಂದರೆ ಗುಡ್ಡ. ಕೊನೆಲ್ಯಾನೊ ಮತ್ತು ವಾಲ್ದೊಬ್ಯಾದೆನೆ ಅನ್ನುವ ಎರಡು ಊರುಗಳ ನಡುವಿನ 15 ಪಂಚಾಯಿತಿ, ಜೊತೆಗೆ ಪಕ್ಕದ ಆಸೊಲೊ. ಕೆಲವು ಇಳಿಜಾರು ಎಷ್ಟು ಕಡಿದು ಅಂದರೆ ಟ್ರ್ಯಾಕ್ಟರ್ ಹತ್ತುವುದೇ ಇಲ್ಲ, ಎಲ್ಲಾ ಕೈಯಲ್ಲೇ. ಮಣ್ಣು ಜಾರದಂತೆ ಕಲ್ಲು ಕಟ್ಟುವ ಬದಲು ಹುಲ್ಲು ಬೆಳೆಸಿ ಅದರಿಂದಲೇ ಮೆಟ್ಟಿಲು ಮಾಡಿಕೊಂಡಿದ್ದಾರೆ, ಅದಕ್ಕೆ ಚಿಲ್ಯೋನಿ ಅನ್ನುತ್ತಾರೆ. 2019ರಲ್ಲಿ ಯುನೆಸ್ಕೊ ಆ ಗುಡ್ಡಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದು ಇದಕ್ಕೇ. ನೀವು ಬಯಲಿನ ದೊಡ್ಡ ಕಾರ್ಖಾನೆ ನೋಡಿ ಬಂದರೆ ಟ್ಯಾಂಕು ನೋಡಿದ ಹಾಗಾಗುತ್ತದೆ. ಗುಡ್ಡಕ್ಕೆ ಹೋದರೆ ಮಾತ್ರ ಪ್ರೊಸೆಕ್ಕೊ ನೋಡಿದ ಹಾಗೆ.

ದಾರಿ ಸುಲಭ. ವೆನಿಸ್‌ನಿಂದ ಊದಿನೆ ಕಡೆ ಹೋಗುವ ರೈಲು ಹಿಡಿದರೆ ಸುಮಾರು ಒಂದು ಗಂಟೆಗೆ ಕೊನೆಲ್ಯಾನೊ. ಅಲ್ಲಿ 1876ರಲ್ಲಿ ಶುರುವಾದ ವೈನ್ ಶಾಲೆ ಇದೆ, ಇಟಲಿಯಲ್ಲೇ ಮೊದಲನೆಯದು. ಅದನ್ನು ಕಟ್ಟಿದವರಲ್ಲಿ ಒಬ್ಬರು ಆಂತೊನಿಯೊ ಕಾರ್ಪೆನೆ, 1868ರಲ್ಲಿ ಕಾರ್ಪೆನೆ ಮಾಲ್ವೊಲ್ತಿ ವೈನರಿ ಶುರು ಮಾಡಿದವರೂ ಅವರೇ. ಕೊನೆಲ್ಯಾನೊದಿಂದ ವಾಲ್ದೊಬ್ಯಾದೆನೆಗೆ 30 ಚಿಲ್ಲರೆ ಕಿಲೋಮೀಟರ್, 1966ರಲ್ಲಿ ಮಾಡಿದ ಹಳೆ ವೈನ್ ರಸ್ತೆ ಗುಡ್ಡಗಳ ಮಧ್ಯೆಯೇ ಹೋಗುತ್ತದೆ. ಬಸ್ ಇದೆ, ಆದರೆ ಕಡಿಮೆ, ಭಾನುವಾರ ಇನ್ನೂ ಕಡಿಮೆ. ಇಬ್ಬರೂ ಓಡಿಸುವುದಿಲ್ಲ ಅಂದಿದ್ದೀರಿ, ಹಾಗಾಗಿ ಕೊನೆಲ್ಯಾನೊ ಸ್ಟೇಷನ್‌ನಿಂದ ಇಡೀ ದಿನಕ್ಕೆ ಡ್ರೈವರ್ ಸಮೇತ ಒಂದು ಕಾರು ಮಾತಾಡಿಕೊಳ್ಳಿ. ದುಡ್ಡು ಜಾಸ್ತಿ ಆಗುತ್ತದೆ, ಆದರೂ ಅದೇ ಸರಿ. ದಾರಿಯಲ್ಲಿ ರೆಫ್ರೊಂತೊಲೊ ಹತ್ತಿರ ಬಂಡೆಗೆ ಅಂಟಿಕೊಂಡ ಹಾಗಿರುವ ಹಳೆ ನೀರಿನ ಗಿರಣಿ ಇದೆ, ಮೊಲಿನೆತ್ತೊ ದೆಲ್ಲಾ ಕ್ರೋದಾ. ನಿಮ್ಮ ಯಜಮಾನರಿಗೆ ಅದು ಇಷ್ಟವಾಗುತ್ತದೆ.

ದೊಡ್ಡದಾ ಚಿಕ್ಕದಾ ಅಂದರೆ, ನಾನಾಗಿದ್ದರೆ ಎರಡೂ. ಬೆಳಿಗ್ಗೆ ಒಂದು ದೊಡ್ಡದು, ಮಧ್ಯಾಹ್ನ ಮನೆಯವರೇ ನಡೆಸುವ ಚಿಕ್ಕದು. ದೊಡ್ಡದರಲ್ಲಿ ವಿವರಣೆ ಚೆನ್ನಾಗಿರುತ್ತದೆ, ಇಂಗ್ಲಿಷ್ ಮಾತಾಡುತ್ತಾರೆ. ಕ್ರೊಚೆತ್ತಾ ದೆಲ್ ಮೊಂತೆಲ್ಲೊದಲ್ಲಿ ವಿಲ್ಲಾ ಸಾಂದಿ ಇದೆ, 1622ರ ಬಂಗಲೆ, ಕೆಳಗೆ ಸುರಂಗದ ಹಾಗೆ ಉದ್ದ ನೆಲಮಾಳಿಗೆ. ಚಿಕ್ಕದರಲ್ಲಿ ಅಜ್ಜನೋ ಮೊಮ್ಮಗಳೋ ಬಂದು ಟ್ಯಾಂಕಿನ ನಲ್ಲಿ ತಿರುಗಿಸಿ ನೇರ ಗ್ಲಾಸಿಗೆ ಹಿಡಿಯುತ್ತಾರೆ. ನಾನು ಮೊದಲ ಸಲ ಹಾಗೆ ಕುಡಿದಾಗ ಇನ್ನೂ ಸೋಸಿರಲಿಲ್ಲ, ಮಜ್ಜಿಗೆ ನೀರಿನ ಹಾಗೆ ಮಸುಕಾಗಿತ್ತು, ಆದರೆ ಆ ಪಿಯರ್ ಹಣ್ಣಿನ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಒಂದು ಮಾತು, ಸೆಪ್ಟೆಂಬರ್ ಅಂದರೆ ಕೊಯ್ಲು. ಅವರಿಗೆ ಉಸಿರಾಡೋಕೂ ಪುರಸೊತ್ತಿರುವುದಿಲ್ಲ. ಎರಡು ವಾರ ಮೊದಲೇ ಮೇಲ್ ಹಾಕಿ ಸಮಯ ಗೊತ್ತು ಮಾಡಿಕೊಳ್ಳಿ, ಸುಮ್ನೆ ಹೋಗಿ ಗೇಟು ತಟ್ಟಬೇಡಿ.

ಬರುವಾಗ ಒಂದು ಕಾರ್ತಿತ್ಸೆ ಬಾಟಲಿ ತನ್ನಿ. ಒಟ್ಟು 107 ಹೆಕ್ಟೇರಿನ ಒಂದೇ ಗುಡ್ಡ, ನೂರಕ್ಕೂ ಜಾಸ್ತಿ ಬೆಳೆಗಾರರು ಹಂಚಿಕೊಂಡಿದ್ದಾರೆ. ಪ್ರೊಸೆಕ್ಕೊದಲ್ಲಿ ಅದಕ್ಕಿಂತ ಮೇಲೆ ಇಲ್ಲ.

ದೊಡ್ಡಬಳ್ಳಾಪುರ ಚಪ್ಪರ:

ನಾನು ವೈನ್ ಕುಡಿಯುವವನಲ್ಲ. ಆದರೆ ನಮ್ಮದು ಮೂರು ತಲೆಮಾರಿಂದ ದ್ರಾಕ್ಷಿ ತೋಟ, ಬೆಂಗಳೂರು ಬ್ಲೂ. ಈ ಚರ್ಚೆಯಲ್ಲಿ ಗುಡ್ಡ, ಕೈಕೊಯ್ಲು ಅಂತೆಲ್ಲಾ ಓದಿ ಬರೆಯಬೇಕು ಅನ್ನಿಸಿತು.

ತಾಯಿ, ನೀವು ಹೋದಾಗ ದಯವಿಟ್ಟು ಟ್ಯಾಂಕು ಮಾತ್ರ ನೋಡಿ ಬರಬೇಡಿ. ಬಳ್ಳಿ ನೋಡಿ. ನಮ್ಮಲ್ಲಿ ಚಪ್ಪರಕ್ಕೆ ಹಬ್ಬಿಸುತ್ತೇವೆ, ಹಣ್ಣು ತಲೆ ಮೇಲೆ ತೂಗುತ್ತದೆ. ಅಲ್ಲಿ ತಂತಿಗೆ ಸಾಲಾಗಿ ಕಟ್ಟುತ್ತಾರೆ ಅಂತ ಕೇಳಿದ್ದೇನೆ. ನಮಗೆ ಚಳಿಗಾಲ ಅನ್ನುವುದೇ ಇಲ್ಲವಲ್ಲ, ಬಳ್ಳಿ ಮಲಗುವುದಿಲ್ಲ, ವರ್ಷಕ್ಕೆ ಎರಡು ಸಲ ಸವರಿ ಎರಡು ಬೆಳೆ ತೆಗೆಯುತ್ತೇವೆ. ಅವರದ್ದು ಒಂದೇ ಬೆಳೆ. ಕೊಯ್ಲಿನ ಹೊತ್ತಿಗೆ ಆಲಿಕಲ್ಲು ಬಿತ್ತು ಅಂದರೆ ನಮಗೆ ಇನ್ನೊಂದು ಬೆಳೆಯ ಆಸೆ ಇರುತ್ತದೆ. ಅವರಿಗೆ ಇಡೀ ವರ್ಷ ಹೋಯಿತು. ಒಂದು ಎಕರೆಯಲ್ಲಿ ಎಷ್ಟು ಟನ್ ತೆಗೆಯುತ್ತಾರೆ, ಬೂಜು ತುಪ್ಪಟ ರೋಗಕ್ಕೆ ಏನು ಹೊಡೆಯುತ್ತಾರೆ, ಕೂಲಿಗೆ ಜನ ಸಿಗುತ್ತಾರಾ, ಇದನ್ನೆಲ್ಲಾ ಕೇಳಿಕೊಂಡು ಬಂದು ಇಲ್ಲಿ ಬರೆಯಿರಿ.

ಮತ್ತೆ ಹೊರಡುವ ಮೊದಲು ಒಂದು ಶನಿವಾರ ನಮ್ಮ ಕಡೆ ಬನ್ನಿ. ನಂದಿ ಬೆಟ್ಟದ ತಪ್ಪಲಲ್ಲಿ ಗ್ರೋವರ್ ಜಂಪಾದವರ ತೋಟ, ವೈನರಿ ಇದೆ. ಮೊದಲೇ ಫೋನ್ ಮಾಡಿ ಹೋಗಿ. ನಮ್ಮ ಬೆಂಗಳೂರು ಬ್ಲೂಗೆ 2013ರಲ್ಲಿ ಜಿಐ, ಅಂದರೆ ಆ ಜಾಗದ್ದೇ ಅನ್ನುವ ಗುರುತು, ಸಿಕ್ಕಿದೆ, ಅದು ಬಹಳ ಜನ ಬೆಂಗಳೂರಿನವರಿಗೇ ಗೊತ್ತಿಲ್ಲ. ಮನೆ ಪಕ್ಕದ ದ್ರಾಕ್ಷಿ ನೋಡಿಕೊಂಡು ಹೋದರೆ ಅಲ್ಲಿನದ್ದು ಚೆನ್ನಾಗಿ ಅರ್ಥವಾಗುತ್ತದೆ.

ಮಲ್ಲೇಶ್ವರ ಟು ಪಾದೋವಾ:

ಅಣ್ಣ, ನಿಮ್ಮ ಪ್ರಶ್ನೆಗೆ ಸ್ವಲ್ಪ ನಾನೇ ಉತ್ತರ ಕೊಡುತ್ತೇನೆ. ಎಷ್ಟು ತೆಗೆಯಬೇಕು ಅನ್ನುವುದಕ್ಕೆ ಅಲ್ಲಿ ಕಾಯ್ದೆಯೇ ಇದೆ. ಬಯಲಿನ ಡಿಒಸಿಯಲ್ಲಿ ಹೆಕ್ಟೇರಿಗೆ 18 ಟನ್, ಗುಡ್ಡದ ಡಿಒಸಿಜಿಯಲ್ಲಿ 13.5 ಟನ್, ಕಾರ್ತಿತ್ಸೆಯಲ್ಲಿ 12 ಟನ್. ಅಂದರೆ ಗುಡ್ಡದಲ್ಲಿ ಎಕರೆಗೆ ಐದೂವರೆ ಟನ್ ಆಸುಪಾಸು. ಅದಕ್ಕಿಂತ ಮೇಲೆ ಬೆಳೆದರೆ ಆ ಹೆಸರು ಹಾಕಿ ಮಾರುವಂತಿಲ್ಲ. ಬೂಜು ತುಪ್ಪಟ ಅಲ್ಲೂ ದೊಡ್ಡ ತಲೆನೋವು, ಮಳೆ ಜಾಸ್ತಿ ಇರುವ ಜಾಗ. ಕಳೆಗೆ ಗ್ಲೈಫೋಸೇಟ್ ಹೊಡೆಯುವುದನ್ನು ಕೊನೆಲ್ಯಾನೊ ವಾಲ್ದೊಬ್ಯಾದೆನೆ ಕಡೆ 2019ರಿಂದ ನಿಲ್ಲಿಸಿದ್ದಾರೆ. ತೋಟದ ಪಕ್ಕದಲ್ಲೇ ಮನೆ, ಶಾಲೆ ಇರುವುದರಿಂದ ಊರಿನವರದ್ದೇ ಒತ್ತಾಯ ಇತ್ತು.

ನೀವು ಜಿಐ ಅಂದಿದ್ದಕ್ಕೆ ಇನ್ನೊಂದು. 2009ರವರೆಗೆ ಆ ದ್ರಾಕ್ಷಿಯ ಹೆಸರೇ ಪ್ರೊಸೆಕ್ಕೊ. ದ್ರಾಕ್ಷಿ ಹೆಸರು ಅಂದಮೇಲೆ ಯಾವ ದೇಶದವರು ಬೇಕಾದರೂ ಬೆಳೆದು ಅದೇ ಹೆಸರಲ್ಲಿ ಮಾರಬಹುದಲ್ಲ. ಅದಕ್ಕೆ ದ್ರಾಕ್ಷಿಗೆ ಗ್ಲೆರಾ ಅನ್ನುವ ಹಳೆ ಹೆಸರು ಇಟ್ಟು, ಪ್ರೊಸೆಕ್ಕೊ ಅನ್ನುವುದನ್ನು ಜಾಗದ ಹೆಸರು ಮಾಡಿಕೊಂಡರು. ತ್ರಿಯೆಸ್ತೆ ಹತ್ತಿರ ಪ್ರೊಸೆಕ್ಕೊ ಅಂತ ಒಂದು ಊರು ನಿಜವಾಗಿಯೂ ಇದೆ. ನಂಜನಗೂಡು ರಸಬಾಳೆ ಅಂದರೆ ನಂಜನಗೂಡಿನದ್ದೇ ಆಗಿರಬೇಕು ಅಂತೀವಲ್ಲ, ಹಾಗೆ. ಆಸ್ಟ್ರೇಲಿಯಾದವರು ಮಾತ್ರ ಅದು ದ್ರಾಕ್ಷಿ ಹೆಸರೇ ಅಂತ ವಾದ ಮಾಡುತ್ತಾ ಬಂದಿದ್ದಾರೆ.

ಇಂದಿರಾನಗರ ಸರ್ವಿಸ್:

ಹನ್ನೆರಡು ವರ್ಷದಿಂದ ಹೋಟೆಲ್‌ನಲ್ಲಿ ವೈನ್ ಬಡಿಸುವ ಕೆಲಸ ನನ್ನದು. ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ಆದರೆ ಕಾರ್ತಿತ್ಸೆ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ಕಾರ್ತಿತ್ಸೆ ಒಳ್ಳೆ ವೈನ್, ಅನುಮಾನವಿಲ್ಲ. ಆದರೆ ರೂಢಿಯಲ್ಲಿ ಅದನ್ನು ಸಿಹಿಯಾಗಿಯೇ ಮಾಡುತ್ತಿದ್ದರು, ಈಗಲೂ ಬಹಳಷ್ಟು ಹಾಗೇ. ಕೇಳಿದವರಿಗೆ ಇಷ್ಟವಾಗಿದ್ದು ಹಸಿರು ಸೇಬಿನ ಆ ಹುಳಿ, ತಾಜಾತನ. ಅವರು ಅಷ್ಟು ದುಡ್ಡು ಕೊಟ್ಟು ಸಿಹಿ ಬಾಟಲಿ ತಂದು ಮತ್ತೆ ಬೇಜಾರು ಮಾಡಿಕೊಳ್ಳುವುದು ಬೇಡ. ಅದೇ ಗುಡ್ಡಗಳಲ್ಲಿ ರೀವೆ ಅಂತ ಬರೆದ ಬಾಟಲಿ ಸಿಗುತ್ತದೆ. ರೀವೆ ಅಂದರೆ ಕಡಿದು ಇಳಿಜಾರು, ಅಂತಹ 43 ಜಾಗಗಳಿಗೆ ಹೆಸರಿದೆ. ದ್ರಾಕ್ಷಿ ಆ ಒಂದೇ ಜಾಗದ್ದು, ಕೈಯಲ್ಲೇ ಕೊಯ್ದದ್ದು, ಯಾವ ವರ್ಷದ ಬೆಳೆ ಅಂತಲೂ ಬರೆದಿರಬೇಕು. ರೀವೆ ಬ್ರೂಟ್ ತನ್ನಿ, ಬ್ರೂಟ್ ಅಂದರೆ ಸಿಹಿ ಕಡಿಮೆ ಇರುವುದು.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಲೇಬಲ್ ಮೇಲೆ ಎಕ್ಸ್‌ಟ್ರಾ ಡ್ರೈ ಅಂತ ಇದ್ದರೆ ಸಿಹಿ ಇರುವುದೇ ಇಲ್ಲ ಅಂತ ಗಿರಾಕಿಗಳು ಅಂದುಕೊಳ್ಳುತ್ತಾರೆ. ಉಲ್ಟಾ. ಬ್ರೂಟ್ ಅಂದರೆ ಲೀಟರಿಗೆ 12 ಗ್ರಾಂ ಒಳಗೆ ಸಕ್ಕರೆ. ಎಕ್ಸ್‌ಟ್ರಾ ಡ್ರೈ ಅಂದರೆ 12ರಿಂದ 17 ಗ್ರಾಂ. ಬರೀ ಡ್ರೈ ಅಂದರೆ 17ರಿಂದ 32 ಗ್ರಾಂ, ಈ ಮೂರರಲ್ಲಿ ಅದೇ ಹೆಚ್ಚು ಸಿಹಿ. ನಾನು ಟೇಬಲ್ ಹತ್ತಿರ ದಿನಾ ಇದನ್ನೇ ಹೇಳುತ್ತಿರುತ್ತೇನೆ.

ಮೊಟ್ಟೆ ವಿಷಯ ಕೇಳಿದ್ದು ಒಳ್ಳೇದಾಯಿತು. ವೈನ್ ತಿಳಿಯಾಗೋಕೆ ಕೆಲವು ಕಡೆ ಮೊಟ್ಟೆಯ ಬಿಳಿ, ಜೆಲಟಿನ್, ಮೀನಿನಿಂದ ತೆಗೆದ ಅಂಟು, ಹಾಲಿನ ಕೇಸೀನ್ ಬಳಸುತ್ತಾರೆ. ಆಮೇಲೆ ಸೋಸಿ ತೆಗೆದರೂ ಬಳಸಿದ್ದು ಬಳಸಿದ್ದೇ ಅಲ್ವಾ. ಈಗ ಬೆಂಟೊನೈಟ್ ಅನ್ನುವ ಜೇಡಿಮಣ್ಣು ಹಾಕುವವರು ಬಹಳ. ಬಾಟಲಿ ಹಿಂದೆ ವೀಗನ್ ಅಂತ ಗುರುತಿದ್ದರೆ ನಿಶ್ಚಿಂತೆ, ಇಲ್ಲದಿದ್ದರೆ ವೈನರಿಯಲ್ಲಿ ನೇರ ಕೇಳಿ. ಅವರು ಬೇಸರ ಮಾಡಿಕೊಳ್ಳುವುದಿಲ್ಲ, ಎಷ್ಟೋ ಜನ ಕೇಳುತ್ತಾರೆ.

ನಮ್ಮ ಊಟಕ್ಕೆ ಇದು ಹೇಗೆ ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನನಗೆ ಇದಕ್ಕಿಂತ ಇಷ್ಟದ ವಿಷಯ ಇನ್ನೊಂದಿಲ್ಲ. ಎಣ್ಣೆ ಮತ್ತು ಉಪ್ಪು ಇರುವ ತಿಂಡಿಗೆ ಬ್ರೂಟ್ ಪ್ರೊಸೆಕ್ಕೊ ಹೇಳಿ ಮಾಡಿಸಿದ ಹಾಗಿರುತ್ತದೆ. ಆಲೂ ಬೋಂಡ, ಗೋಳಿಬಜೆ, ಕೋಡುಬಳೆ, ಬೆಣ್ಣೆ ದೋಸೆ. ಗುಳ್ಳೆ ಮತ್ತು ಹುಳಿ ಸೇರಿ ನಾಲಿಗೆ ಮೇಲಿನ ಜಿಡ್ಡನ್ನು ತೊಳೆದುಬಿಡುತ್ತದೆ, ಮುಂದಿನ ತುತ್ತು ಮತ್ತೆ ಮೊದಲ ತುತ್ತಿನ ಹಾಗೇ. ಮೆಣಸಿನಕಾಯಿ ಬಜ್ಜಿ ತರಹ ಖಾರ ಇದ್ದರೆ ಮಾತ್ರ ಎಕ್ಸ್‌ಟ್ರಾ ಡ್ರೈ ತೆಗೆದುಕೊಳ್ಳಿ, ಆ ಸ್ವಲ್ಪ ಸಿಹಿ ಖಾರವನ್ನು ಸಮಾಧಾನ ಮಾಡುತ್ತದೆ. ಹುಣಸೆಹುಳಿಯ ಅಡುಗೆ ಜೊತೆ ಬೇಡ. ತಿನ್ನುವುದು ವೈನ್‌ಗಿಂತ ಹುಳಿ ಇದ್ದರೆ ವೈನ್ ಸಪ್ಪೆ ಅನ್ನಿಸುತ್ತದೆ. ಬಿಸಿಬೇಳೆ ಬಾತ್, ಪುಳಿಯೋಗರೆ, ಗೊಜ್ಜು ಎಲ್ಲಾ ಆ ಲೆಕ್ಕಕ್ಕೆ ಬರುತ್ತವೆ.

ತರುವುದಕ್ಕೆ ಬಂದರೆ, ಹೊರದೇಶದಿಂದ ಬರುವ ಒಬ್ಬೊಬ್ಬರಿಗೂ 2 ಲೀಟರ್ ಸುಂಕವಿಲ್ಲದೆ ತರೋಕೆ ಅವಕಾಶ ಇದೆ. ಒಂದು ಬಾಟಲಿ 750 ಮಿಲಿ, ಅಂದರೆ ಒಬ್ಬರಿಗೆ ಎರಡು, ಇಬ್ಬರಿಗೆ ನಾಲ್ಕು. ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಸೂಟ್‌ಕೇಸಿನ ನಡುವೆ ಸ್ವೆಟರ್ ಸುತ್ತಿ ಇಡಿ. ಗುಳ್ಳೆ ವೈನ್ ಬಾಟಲಿ ಗಾಜು ದಪ್ಪ, ಒಳಗಿನ ಒತ್ತಡ ಕಾರಿನ ಟೈರ್‌ಗಿಂತ ಜಾಸ್ತಿ ಇರುತ್ತದೆ, ಆ ಒತ್ತಡ ತಡೆಯೋಕೆಂದೇ ಹಾಗೆ ಮಾಡಿರುತ್ತಾರೆ. ಮನೆಗೆ ಬಂದಮೇಲೆ ಅಟ್ಟ ಬೇಡ, ಫ್ರಿಜ್ಜು. ಕುಡಿಯುವಾಗ 6ರಿಂದ 8 ಡಿಗ್ರಿ ತಣ್ಣಗಿರಲಿ. ತೆಗೆಯುವಾಗ ಬಿರಟೆ ಗಟ್ಟಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿ, ಬಿರಟೆಯನ್ನಲ್ಲ. ಉದ್ದ ಸಪೂರ ಗ್ಲಾಸ್ ನೋಡೋಕೆ ಚೆನ್ನ, ಆದರೆ ಮೂಗಿಗೆ ಏನೂ ಸಿಗುವುದಿಲ್ಲ. ಸ್ವಲ್ಪ ಹೊಟ್ಟೆ ಇರುವ ಗ್ಲಾಸ್ ತೆಗೆದುಕೊಳ್ಳಿ.

ಬನಶಂಕರಿ ಎರಡನೇ ಹಂತ:

ಇಷ್ಟೊಂದು ಬರೆದಿದ್ದೀರಲ್ಲ, ಎಲ್ಲರಿಗೂ ತುಂಬಾ ಧನ್ಯವಾದ. ಯಜಮಾನರಿಗೂ ಓದಿಸಿದೆ. ಅಟ್ಟದ ಬಾಟಲಿ ಬಗ್ಗೆ ಓದಿ ಮನಸ್ಸು ಹಗುರವಾಯಿತು.

ಇನ್ನೊಂದೇ ಪ್ರಶ್ನೆ. ನಮ್ಮ ಆಫೀಸಿನಲ್ಲಿ ಒಬ್ಬರು, ಇಟಲಿಗೆ ಹೋಗಿ ಪ್ರೊಸೆಕ್ಕೊ ಯಾಕೆ, ಫ್ರಾಂಚಾಕೊರ್ತಾ ನೋಡಿ, ಅದೇ ನಿಜವಾದ ಗುಳ್ಳೆ ವೈನ್ ಅಂದರು. ನಾವು ಮಿಲಾನ್‌ನಲ್ಲಿ ಇಳಿದು ರೈಲಿನಲ್ಲಿ ವೆನಿಸ್‌ಗೆ ಹೋಗುವವರು. ದಾರಿಯಲ್ಲೇ ಸಿಗುತ್ತದಂತೆ. ಪ್ಲಾನ್ ಬದಲಾಯಿಸಬೇಕಾ?

ಮಲ್ಲೇಶ್ವರ ಟು ಪಾದೋವಾ:

ಬೇಡ, ಬದಲಾಯಿಸಬೇಡಿ. ಫ್ರಾಂಚಾಕೊರ್ತಾ ಬ್ರೆಶಾ ಊರಿನ ಹತ್ತಿರ, ದಾರಿಯಲ್ಲೇ ಸಿಗುತ್ತದೆ ಅನ್ನುವುದು ನಿಜ. ಅದನ್ನು ಶಾಂಪೇನ್ ಹಾಗೆ ಬಾಟಲಿಯೊಳಗೇ ಹುಳಿಸುತ್ತಾರೆ, ದ್ರಾಕ್ಷಿ ಮುಖ್ಯವಾಗಿ ಶಾರ್ದೊನೇ ಮತ್ತು ಪಿನೊ ನೆರೊ, ಸಾದಾ ಬಾಟಲಿಯೂ ಕಡಿಮೆ ಅಂದರೆ 18 ತಿಂಗಳು ಯೀಸ್ಟ್ ಜೊತೆ ಇರಬೇಕು. ಬಹಳ ಒಳ್ಳೆ ವೈನ್. ಆದರೆ ನಿಮಗೆ ಚರ್ಚ್ ಸ್ಟ್ರೀಟಲ್ಲಿ ಇಷ್ಟವಾಗಿದ್ದು ಅದಲ್ಲ. ಇಷ್ಟವಾದದ್ದರ ಊರಿಗೆ ಹೋಗಿ. ನಿಜವಾದದ್ದು ಯಾವುದು ಅಂತ ತೀರ್ಮಾನ ಮಾಡೋಕೆ ನಿಮ್ಮ ಆಫೀಸಿನವರು ಯಾರು?

ಸರ್ವಿಸ್‌ನವರು ಕಾರ್ತಿತ್ಸೆ ಬಗ್ಗೆ ಹೇಳಿದ್ದನ್ನು ಅರ್ಧ ಒಪ್ಪುತ್ತೇನೆ. ಸಿಹಿ ಅನ್ನುವುದು ಹೌದು, ಬ್ರೂಟ್ ಕಾರ್ತಿತ್ಸೆ ಈಗ ಸಿಗುತ್ತದೆ, ಆದರೆ ಹುಡುಕಬೇಕು. ಅದಕ್ಕೆ ಹೀಗೆ ಮಾಡಿ. ಅಲ್ಲೇ ಗುಡ್ಡದ ಮೇಲೆ ಸಾಂತೊ ಸ್ತೆಫಾನೊ ಅನ್ನುವ ಊರಿನ ಹತ್ತಿರ ಕೂತು ಕಾರ್ತಿತ್ಸೆ ಒಂದು ಗ್ಲಾಸ್ ಕುಡಿದು ನೋಡಿ, ಎದುರಿಗೆ ಅದೇ ಬಳ್ಳಿ ಕಾಣುತ್ತಿರುತ್ತದೆ. ಮನೆಗೆ ರೀವೆ ಬ್ರೂಟ್ ತನ್ನಿ. ಇನ್ನೊಂದು ಆಸೆ ನನ್ನದು. ಕೋಲ್ ಫೊಂದೊ ಅಂತ ಕೇಳಿ. ಟ್ಯಾಂಕ್ ಬರುವ ಮೊದಲು ರೈತರು ಮನೆಯಲ್ಲಿ ಮಾಡುತ್ತಿದ್ದ ಹಳೆ ಪ್ರೊಸೆಕ್ಕೊ ಅದು, ಬಾಟಲಿಯಲ್ಲೇ ಹುಳಿಸಿ, ಗಸಿ ತೆಗೆಯದೆ ಹಾಗೇ ಬಿಡುತ್ತಾರೆ. ಮಸುಕಾಗಿರುತ್ತದೆ, ಸಕ್ಕರೆ ಇರುವುದೇ ಇಲ್ಲ ಅನ್ನಬಹುದು. ಚಿಕ್ಕ ಮನೆತನದ ವೈನರಿಗಳಲ್ಲಿ ಸಿಗುತ್ತದೆ.

ಇಂದಿರಾನಗರ ಸರ್ವಿಸ್:

ಕೋಲ್ ಫೊಂದೊಗೆ ನನ್ನದೂ ಒಂದು ವೋಟು. ಹನ್ನೆರಡು ವರ್ಷದಲ್ಲಿ ಒಂದೇ ಒಂದು ಸಲ ರುಚಿ ನೋಡಿದ್ದೇನೆ, ಗಿರಾಕಿಯೊಬ್ಬರು ತಂದಿದ್ದರು. ಇಲ್ಲಿ ಬರುವುದೇ ಕಷ್ಟ. ಆಮದು ವೈನ್ ಮೇಲೆ ಬಹಳ ವರ್ಷಗಳಿಂದ ಶೇಕಡಾ 150 ಸುಂಕ, ಅದರ ಮೇಲೆ ರಾಜ್ಯದ ಅಬಕಾರಿ ಸುಂಕ. ಅಲ್ಲಿ ವೈನರಿಯಲ್ಲಿ 10-15 ಯೂರೋಗೆ ಸಿಗುವ ಬಾಟಲಿ ನಮ್ಮ ಮೆನು ಕಾರ್ಡ್ ಸೇರುವಷ್ಟರಲ್ಲಿ ಹಲವು ಪಟ್ಟು ಆಗಿರುತ್ತದೆ. ಹಾಗಾಗಿ ಅಂಗಡಿಯವರು ಹೆಸರು ಗೊತ್ತಿರುವ ನಾಲ್ಕು ಬ್ರ್ಯಾಂಡ್ ಬಿಟ್ಟು ಬೇರೆ ತರಿಸುವುದಿಲ್ಲ. ನೀವು ತರುವ ನಾಲ್ಕು ಬಾಟಲಿಯಲ್ಲಿ ಒಂದಾದರೂ ಬೆಂಗಳೂರಲ್ಲಿ ಸಿಗದಿರುವುದು ಆಗಿರಲಿ.

ದೊಡ್ಡಬಳ್ಳಾಪುರ ಚಪ್ಪರ:

ಎಕರೆಗೆ ಐದೂವರೆ ಟನ್ ಅಂತ ಓದಿ ಅಪ್ಪನಿಗೆ ಹೇಳಿದೆ. ಅಷ್ಟಕ್ಕೆ ಸಂಸಾರ ನಡೆಯುತ್ತದಾ ಅಂತ ಕೇಳಿದರು. ಹೆಸರಿಗೆ ಬೆಲೆ ಇದೆಯಪ್ಪ ಅಂದೆ. ಸುಮ್ಮನಾದರು. ಆಮೇಲೆ ಸಂಜೆ ತೋಟದಲ್ಲಿ, ನಮ್ಮ ಹಣ್ಣಿಗೂ ಹೆಸರು ಇದೆಯಲ್ಲ ಅಂದರು. ಜ್ಯೂಸ್ ಕಂಪನಿಯವರು, ಮಂಡಿಯವರು ಹೆಸರು ನೋಡಿ ಬೆಲೆ ಕೊಡುವುದಿಲ್ಲ, ಅದು ಬೇರೆ ಮಾತು. ಅದಕ್ಕೇ ಹೇಳಿದ್ದು, ಅವರು ಬೆಳೆಗಾರರೆಲ್ಲಾ ಒಟ್ಟಿಗೆ ಹೇಗೆ ನಿಂತರು ಅಂತ ಕೇಳಿಕೊಂಡು ಬನ್ನಿ. ನನಗೆ ನಿಜವಾಗಿಯೂ ಬೇಕು.

ಬನಶಂಕರಿ ಎರಡನೇ ಹಂತ:

ಕೇಳುತ್ತೇನೆ ಅಣ್ಣ, ಒಂದು ಪುಸ್ತಕದಲ್ಲಿ ಬರೆದುಕೊಂಡು ಬರುತ್ತೇನೆ. ನಿಮ್ಮ ಪ್ರಶ್ನೆಗಳನ್ನು ಈಗಲೇ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ: ಟನ್ನು, ಬೂಜು ತುಪ್ಪಟ, ಕೂಲಿ, ಬೆಳೆಗಾರರ ಸಂಘ.

ಇವತ್ತಿಗೆ ಆಗಿರುವುದು ಇಷ್ಟು. ವಾಲ್ದೊಬ್ಯಾದೆನೆ ಹತ್ತಿರದ ಒಂದು ಚಿಕ್ಕ ವೈನರಿಗೆ ಮೇಲ್ ಹಾಕಿದ್ದೆ. ಕೊಯ್ಲು ನಡೆಯುತ್ತಿರುತ್ತದೆ, ಮಧ್ಯಾಹ್ನ ಮೂರಕ್ಕೆ ಬಂದರೆ ಒಂದು ಗಂಟೆ ಕೊಡಬಹುದು ಅಂತ ಉತ್ತರ ಬಂತು. ಮೊಟ್ಟೆ ಬಳಸುತ್ತೀರಾ ಅಂತಲೂ ಕೇಳಿದ್ದೆ, ಇಲ್ಲ, ಜೇಡಿಮಣ್ಣು ಮಾತ್ರ ಅಂದರು. ಬೆಳಿಗ್ಗೆ ದೊಡ್ಡ ವೈನರಿ ಬಿಟ್ಟುಬಿಟ್ಟೆವು, ಯಜಮಾನರಿಗೆ ಆ ನೀರಿನ ಗಿರಣಿ ನೋಡಬೇಕಂತೆ. ಕಾರು, ಡ್ರೈವರ್ ಇನ್ನೂ ಗೊತ್ತಾಗಿಲ್ಲ, ಕೊನೆಲ್ಯಾನೊದಲ್ಲಿ ಯಾರನ್ನು ಕೇಳಬೇಕು ಅಂತ ಮಲ್ಲೇಶ್ವರದವರು ಒಂದು ಸಾಲು ಬರೆದರೆ ಉಪಕಾರ.

ಈ ಶನಿವಾರ ನಂದಿ ಕಡೆ ಹೊರಟಿದ್ದೇವೆ. ದೊಡ್ಡಬಳ್ಳಾಪುರದ ಅಣ್ಣ, ನಿಮ್ಮ ತೋಟದಲ್ಲಿ ಈಗ ಹಣ್ಣಿದೆಯಾ? ಇದ್ದರೆ ಎರಡು ಕೆಜಿ ತೆಗೆದಿಡಿ, ಬರುವಾಗ ತೆಗೆದುಕೊಂಡು ಹೋಗುತ್ತೇವೆ.